ಗಿಡ ಒಂದೇ, ಬೆಳೆದ ಕೈ ಬೇರೆ



ಕಾಲೇಜಿನ ಕ್ಯಾಂಟೀನಿನಲ್ಲಿ ಗಾಂಜಾದ ಮಾತು ಬಂದಾಗ ಹೀಗೆ ವಾದಿಸುವವನೊಬ್ಬ ಇದ್ದೇ ಇರುತ್ತಾನೆ: "ಸಾಧು ಸಂತರು ತಲೆತಲಾಂತರದಿಂದ ಸೇದಿಕೊಂಡು ಬಂದ ವಸ್ತು ಅದು. ಬ್ರಿಟಿಷರೇ ಒಂದು ಆಯೋಗ ನೇಮಿಸಿ, ಊರೂರು ತಿರುಗಿ ವಿಚಾರಿಸಿ, ಅದರಿಂದ ಅಂಥ ಹಾನಿಯೇನಿಲ್ಲ ಎಂದು ಬರೆದಿದ್ದಾರೆ. ಹಾಗಿದ್ದ ಮೇಲೆ ಇಷ್ಟೇಕೆ ಗಲಾಟೆ?"

ಅವನನ್ನು ಗದರಿಸಿ ಬಾಯಿ ಮುಚ್ಚಿಸುವುದು ಸುಲಭ. ಆದರೆ ಗದರಿಕೆ ಉತ್ತರವಲ್ಲ. ಅವನ ಮಾತಿನಲ್ಲಿ ಅರ್ಧ ಸತ್ಯವೂ ಇದೆ. ಅಂಥ ಆಯೋಗವೊಂದು ಇದ್ದುದು ನಿಜ. ಅದು ಸುಮಾರು ಹಾಗೆಯೇ ಬರೆದದ್ದೂ ನಿಜ. ತಪ್ಪಿರುವುದು ಅವನು ಬಳಸಿದ ಒಂದು ಸಣ್ಣ ಪದದಲ್ಲಿ: ‘ಅದು’. ಅದು ಎಂದರೆ ಯಾವುದು? 1893ರಲ್ಲಿ ಆಯೋಗದ ಮುಂದಿದ್ದ ಗಿಡವೂ ಇಂದು ಪೊಟ್ಟಣ ಕಟ್ಟಿ ಮಾರುವ ಗಿಡವೂ ಒಂದೇ ಏನು? ಈ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ನಾವು ಒಂದಿಷ್ಟು ಸಸ್ಯಶಾಸ್ತ್ರ, ಒಂದಿಷ್ಟು ರಸಾಯನಶಾಸ್ತ್ರ ಮತ್ತು ಬಹಳಷ್ಟು ಚರಿತ್ರೆಯನ್ನು ಓದಬೇಕಾಗುತ್ತದೆ. ಬನ್ನಿ, ಮೊದಲಿನಿಂದ ನೋಡೋಣ.

ಮೂರು ಹೆಸರುಗಳು

ನಮ್ಮ ದೇಶದಲ್ಲಿ ಈ ಗಿಡದಿಂದ ಬರುವ ಪದಾರ್ಥಗಳಿಗೆ ಮೂರು ಹೆಸರುಗಳಿವೆ. ಮೊದಲನೆಯದು ಭಂಗಿ. ಭಂಗಿ ಎಂದರೆ ಎಲೆ. ಅದನ್ನು ಒಣಗಿಸಿ, ಅರೆದು, ಹಾಲಿನಲ್ಲೋ ಪಾನಕದಲ್ಲೋ ಕದಡುವುದು ರೂಢಿ. ಎರಡನೆಯದು ಗಾಂಜಾ. ಇದು ಹೆಣ್ಣು ಗಿಡದ ತುದಿಯಲ್ಲಿ ಬಿಡುವ ಹೂಗೊಂಚಲು. ಮೂರನೆಯದು ಚರಸ್. ಆ ಹೂಗೊಂಚಲಿನ ಮೇಲೆ ಒಸರುವ ರಾಳವನ್ನು ಬೇರ್ಪಡಿಸಿ ಉಂಡೆಗಟ್ಟಿದರೆ ಅದು ಚರಸ್. ಹೊರದೇಶಗಳಲ್ಲಿ ಹಶೀಶ್ ಎನ್ನುವುದು ಇದನ್ನೇ.

ಗಮನಿಸಿ: ಇವು ಮೂರು ಗಿಡಗಳಲ್ಲ. ಒಂದೇ ಗಿಡದ ಮೇಲೆ ಮನುಷ್ಯ ಹಾಕಿದ ಶ್ರಮದ ಮೂರು ಮೆಟ್ಟಿಲುಗಳು. ಎಲೆ ಕೀಳಲು ಶ್ರಮ ಬೇಡ, ಬೇಲಿಯಂಚಿನ ಗಿಡವಾದರೂ ಸಾಕು. ಒಳ್ಳೆಯ ಹೂಗೊಂಚಲು ಬೇಕಾದರೆ ಬೇಸಾಯ ಬೇಕು. ರಾಳ ಬೇಕಾದರೆ ಬೇಸಾಯದ ಮೇಲೆ ಇನ್ನೊಂದು ಕಸುಬು ಬೇಕು.

ಹೆಣ್ಣು ಹೂವನ್ನು ಸುತ್ತಿಕೊಂಡಿರುವ ಪುಟ್ಟ ಎಲೆಗಳನ್ನು ಭೂತಗನ್ನಡಿಯಲ್ಲಿ ನೋಡಿದರೆ ಗುಂಡುಸೂಜಿಯಂಥ ಅತಿ ಸಣ್ಣ ರೋಮಗಳು ಕಾಣುತ್ತವೆ. ಆ ಗುಂಡುಸೂಜಿಯ ತಲೆಯೇ ರಾಳದ ಚೀಲ. ಕೀಟಗಳಿಂದಲೂ ಬಿಸಿಲಿನಿಂದಲೂ ಎಳೆಯ ಬೀಜವನ್ನು ಕಾಪಾಡುವುದಕ್ಕೆ ಗಿಡ ಮಾಡಿಕೊಂಡ ಏರ್ಪಾಡು ಇದಿರಬೇಕೆಂಬುದು ವಿಜ್ಞಾನಿಗಳ ಊಹೆ. ಗಿಡ ತನಗಾಗಿ ಮಾಡಿಕೊಂಡ ಈ ಏರ್ಪಾಡನ್ನು ಮನುಷ್ಯ ತನ್ನ ಕಡೆಗೆ ತಿರುಗಿಸಿಕೊಂಡ.

ಹೆಸರಿನ ಬಗ್ಗೆ ಇನ್ನೊಂದು ಮಾತು. ಇಂಗ್ಲಿಷಿನ ‘ಹೆಂಪ್’ ಎಂಬ ಪದವನ್ನು ಕನ್ನಡದಲ್ಲಿ ‘ಸಣಬು’ ಎಂದು ಬರೆಯುವುದುಂಟು. ನಮ್ಮ ರೈತರು ಹಸಿರುಗೊಬ್ಬರಕ್ಕೆ ಬಿತ್ತುವ ಸಣಬು ಬೇರೆಯೇ ಕುಟುಂಬದ ಗಿಡ. ನಾರಿಗೆ ಹೆಸರಾದ ನಮ್ಮ ಪುಂಡಿಯೂ ಬೇರೆಯೇ. ಎಲೆಯ ಹೋಲಿಕೆಯಿಂದಾಗಿ ಮಾತ್ರ ಅದಕ್ಕೆ ‘ಹೈಬಿಸ್ಕಸ್ ಕ್ಯಾನಬಿನಸ್’ ಎಂಬ ಶಾಸ್ತ್ರೀಯ ಹೆಸರು ಬಂತು. ನಾವು ಮಾತನಾಡುತ್ತಿರುವ ಗಿಡದ ಹೆಸರು ‘ಕ್ಯಾನಬಿಸ್ ಸಟೈವಾ’. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಇಟ್ಟ ಹೆಸರು ಅದು. ಸುಮಾರು ಮೂವತ್ತು ವರ್ಷಗಳ ಬಳಿಕ, ಭಾರತದಿಂದ ಹೋದ ಮಾದರಿಗಳನ್ನು ನೋಡಿದ ಫ್ರಾನ್ಸಿನ ಲಮಾರ್ಕ್, ಇದು ಯೂರೋಪಿನ ಗಿಡವಲ್ಲ, ಬೇರೆ ಜಾತಿಯೇ ಸರಿ ಎಂದು ‘ಕ್ಯಾನಬಿಸ್ ಇಂಡಿಕಾ’ ಎಂಬ ಹೆಸರು ಕೊಟ್ಟ. ಇಂದು ಬಹಳ ಮಂದಿ ಸಸ್ಯಶಾಸ್ತ್ರಜ್ಞರು ಎರಡನ್ನೂ ಒಂದೇ ಜಾತಿ ಎನ್ನುತ್ತಾರೆ. ಹಾಗಾದರೆ ಲಮಾರ್ಕನ ಕಣ್ಣು ಮೋಸಹೋಯಿತೇ? ಇಲ್ಲ. ಲಿನೇಯಸ್ ಕಂಡದ್ದು ನಾರಿಗಾಗಿ ಬೆಳೆಸಿದ ಗಿಡ. ಲಮಾರ್ಕ್ ಕಂಡದ್ದು ಅಮಲಿಗಾಗಿ ಬೆಳೆಸಿದ ಗಿಡ. ಇಬ್ಬರ ನಡುವಿನ ವ್ಯತ್ಯಾಸ ಪ್ರಕೃತಿ ಮಾಡಿದ್ದಕ್ಕಿಂತ ರೈತ ಮಾಡಿದ್ದೇ ಹೆಚ್ಚು.

ಕವಲೊಡೆದ ದಾರಿ

ಈ ಕವಲು ಯಾವಾಗ ಒಡೆಯಿತು? 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿಜ್ಞಾನಿಗಳು ಹಲವು ದೇಶಗಳ 110 ಗಿಡಗಳ ವಂಶವಾಹಿ ಬರಹವನ್ನು ಪೂರ್ತಿಯಾಗಿ ಓದಿ ಹೋಲಿಸಿದರು. ಪೂರ್ವ ಏಷ್ಯಾದಲ್ಲಿ ಸುಮಾರು 12,000 ವರ್ಷಗಳ ಹಿಂದೆ ಮನುಷ್ಯ ಈ ಗಿಡವನ್ನು ಪಳಗಿಸಿದನೆಂದೂ, ಸುಮಾರು 4,000 ವರ್ಷಗಳ ಹಿಂದಿನಿಂದ ನಾರಿನ ತಳಿ ಒಂದು ಕಡೆಗೆ, ಅಮಲಿನ ತಳಿ ಇನ್ನೊಂದು ಕಡೆಗೆ ಸಾಗತೊಡಗಿತೆಂದೂ ಅವರ ಲೆಕ್ಕ. ಪಾಮೀರ್ ಪರ್ವತಸೀಮೆಯ ಜಿರ್ಜಾಂಕಲ್ ಎಂಬಲ್ಲಿನ ಸುಮಾರು 2,500 ವರ್ಷ ಹಳೆಯ ಸಮಾಧಿಗಳಲ್ಲಿ ಮರದ ಅಗ್ಗಿಷ್ಟಿಕೆಗಳು ಸಿಕ್ಕಿವೆ. ಅವುಗಳಿಗೆ ಅಂಟಿದ್ದ ಮಸಿಯನ್ನು ಪರೀಕ್ಷಿಸಿದಾಗ, ಅಲ್ಲಿ ಉರಿಸಿದ್ದು ಅಮಲಿನ ಅಂಶ ಹೆಚ್ಚಾಗಿದ್ದ ಗಿಡವೆಂದು 2019ರಲ್ಲಿ ತಿಳಿದುಬಂತು. ಶವಸಂಸ್ಕಾರಕ್ಕೆ ಬಂದವರು ಯಾವ ಗಿಡ ಎಂಥದೆಂದು ಬಲ್ಲವರಾಗಿದ್ದರೆನ್ನಬೇಕು.

ಪುಸ್ತಕ ಓದದ ರೈತ ತಳಿಯನ್ನು ಹೇಗೆ ತಿದ್ದಿದ? ಅದರಲ್ಲಿ ಮಂತ್ರವೇನಿಲ್ಲ. ನಮ್ಮ ಮನೆಯ ಅಜ್ಜಿ ಸೋರೆಕಾಯಿಯನ್ನು ಬೀಜಕ್ಕೆಂದು ಬಳ್ಳಿಯಲ್ಲೇ ಬಿಡುವಾಗ ಅತ್ಯುತ್ತಮವಾದ ಕಾಯಿಯನ್ನೇ ಆರಿಸುತ್ತಾಳಲ್ಲವೇ? ಅದೇ ರೀತಿ. ನಾರು ಬೇಕಾದವನು ಒತ್ತೊತ್ತಾಗಿ ಬಿತ್ತಿ, ಕವಲೊಡೆಯದೆ ನೆಟ್ಟಗೆ ಎತ್ತರಕ್ಕೆ ಬೆಳೆದ ಗಿಡದ ಬೀಜವನ್ನು ಉಳಿಸಿಕೊಂಡ. ಅಮಲು ಬೇಕಾದವನು ದೂರದೂರ ನೆಟ್ಟು, ಪೊದೆಯಂತೆ ಹಬ್ಬಿ, ಹೂಗೊಂಚಲು ಅಂಟಂಟಾಗಿದ್ದ ಗಿಡದ ಬೀಜವನ್ನು ಉಳಿಸಿಕೊಂಡ. ವರ್ಷಕ್ಕೊಂದು ಬೆಳೆ. ನೂರು ವರ್ಷಕ್ಕೆ ನೂರು ಸಲ ಆಯ್ಕೆ. ಸಾವಿರ ವರ್ಷಕ್ಕೆ ಸಾವಿರ ಸಲ. ಡಾರ್ವಿನ್ ಇದನ್ನು ಸಿದ್ಧಾಂತವಾಗಿ ಬರೆಯುವುದಕ್ಕೆ ಎಷ್ಟೋ ಮೊದಲೇ ಹೊಲದಲ್ಲಿ ಕೆಲಸ ನಡೆದಿತ್ತು.

ನೌಗಾಂವಿನ ಪರಖ್‌ದಾರ

ಈ ಗಿಡದಲ್ಲಿ ಒಂದು ವಿಶೇಷವಿದೆ. ಸಾಮಾನ್ಯವಾಗಿ ಗಂಡು ಹೂವು ಒಂದು ಗಿಡದಲ್ಲಿ, ಹೆಣ್ಣು ಹೂವು ಇನ್ನೊಂದು ಗಿಡದಲ್ಲಿ. ನಮ್ಮ ಪಪ್ಪಾಯಿಯ ಹಾಗೆ. ಪರಾಗವನ್ನು ಹೊತ್ತೊಯ್ಯುವುದು ಗಾಳಿ. ಪರಾಗ ತಗುಲಿದ ಹೆಣ್ಣು ಹೂವು ಬೀಜ ಕಟ್ಟುವ ಕೆಲಸಕ್ಕೆ ತೊಡಗುತ್ತದೆ. ಪರಾಗ ತಗುಲದಿದ್ದರೆ ಹೂಗೊಂಚಲು ಬೆಳೆಯುತ್ತಲೇ ಹೋಗುತ್ತದೆ, ರಾಳವೂ ಹೆಚ್ಚುತ್ತದೆ. ಎಂದರೆ, ಹೊಲದಲ್ಲಿ ಗಂಡು ಗಿಡ ಇರಕೂಡದು.

ಸಸ್ಯಗಳಲ್ಲಿ ಗಂಡು ಹೆಣ್ಣುಗಳಿವೆಯೆಂದು ಜರ್ಮನಿಯ ಕ್ಯಾಮೆರೇರಿಯಸ್ ಪ್ರಯೋಗಗಳಿಂದ ತೋರಿಸಿದ್ದು 1694ರಲ್ಲಿ. ಇಂಗ್ಲೆಂಡಿನ ರೈತರಂತೂ ನಾರಿನ ಗಿಡದ ಲಿಂಗವನ್ನು ತಿರುವುಮುರುವಾಗಿ ತಿಳಿದಿದ್ದರು. ಬೀಜ ಬಿಡುವ ಗಟ್ಟಿಮುಟ್ಟಾದ ಗಿಡಕ್ಕೆ ಗಂಡಿನ ಹೆಸರು, ಬೇಗ ಒಣಗುವ ತೆಳ್ಳನೆಯ ಗಿಡಕ್ಕೆ ಹೆಣ್ಣಿನ ಹೆಸರು. ಹೆಸರು ಏನೇ ಇರಲಿ, ಯಾವುದನ್ನು ಕೀಳಬೇಕು ಯಾವುದನ್ನು ಉಳಿಸಬೇಕು ಎಂಬುದರಲ್ಲಿ ಬಂಗಾಳದ ಬೇಸಾಯಗಾರ ತಪ್ಪುತ್ತಿರಲಿಲ್ಲ.

ಅಂದಿನ ಬಂಗಾಳದ ರಾಜಶಾಹಿ ಜಿಲ್ಲೆಯಲ್ಲಿ, ಇಂದಿನ ಬಾಂಗ್ಲಾದೇಶದಲ್ಲಿ, ನೌಗಾಂವ್ ಎಂಬ ಊರಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಗೆ ‘ಗಾಂಜಾ ಮಹಲ್’ ಎಂಬ ಹೆಸರೇ ಇತ್ತು. ಸರ್ಕಾರದ ಪರವಾನಗಿ ಪಡೆದ ರೈತರು ಮಾತ್ರ ಇಲ್ಲಿ ಗಾಂಜಾ ಬೆಳೆಯಬಹುದಾಗಿತ್ತು. ಹೇಮಚಂದ್ರ ಕೆರ್ ಎಂಬ ಅಧಿಕಾರಿ 1877ರಲ್ಲಿಯೂ, ಕಲ್ಕತ್ತೆಯ ಸಸ್ಯೋದ್ಯಾನದ ವಿಜ್ಞಾನಿ ಡೇವಿಡ್ ಪ್ರೇನ್ 1893ರಲ್ಲಿಯೂ ಈ ಬೇಸಾಯವನ್ನು ಕುರಿತು ವಿವರವಾದ ವರದಿಗಳನ್ನು ಬರೆದರು. ಅವುಗಳಿಂದಾಗಿ ಆ ಹೊಲದ ಚಿತ್ರ ಇಂದಿಗೂ ನಮ್ಮ ಕಣ್ಣ ಮುಂದೆ ನಿಲ್ಲುತ್ತದೆ.

ಆಗಸ್ಟ್ ತಿಂಗಳಲ್ಲಿ ಸಸಿಮಡಿ. ಸೆಪ್ಟೆಂಬರಿನಲ್ಲಿ, ಗೊಬ್ಬರ ಹಾಕಿ ಹದಗೊಳಿಸಿದ ಎತ್ತರದ ನೆಲದಲ್ಲಿ ನಾಟಿ. ನವೆಂಬರ್ ಬಂತೆಂದರೆ ಹೊಲಕ್ಕೆ ಒಬ್ಬ ವಿಶೇಷ ವ್ಯಕ್ತಿಯ ಆಗಮನ. ಅವನೇ ಪರಖ್‌ದಾರ, ಎಂದರೆ ಪರೀಕ್ಷಕ. ಇಂಗ್ಲಿಷ್ ಅಧಿಕಾರಿಗಳು ಅವನನ್ನು ‘ಗಾಂಜಾ ಡಾಕ್ಟರ್’ ಎಂದು ಕರೆದರು. ಹೂವು ಅರಳುವುದಕ್ಕೆ ಮುಂಚೆಯೇ, ಸಾಲುಸಾಲಾಗಿ ನಡೆಯುತ್ತ, ಒಂದೊಂದು ಗಿಡವನ್ನೂ ನೋಡಿ, ಗಂಡೆಂದು ಕಂಡದ್ದನ್ನು ಮುರಿದು ಹಾಕುವುದೇ ಅವನ ಕೆಲಸ. ಒಂದು ಸಲ ನಡೆದರೆ ಮುಗಿಯಲಿಲ್ಲ. ಮತ್ತೆ ಮತ್ತೆ ಬರಬೇಕು. ಕಣ್ತಪ್ಪಿ ಉಳಿದ ಕೆಲವೇ ಗಂಡು ಗಿಡಗಳು ಇಡೀ ಹೊಲದ ಬೆಳೆಯನ್ನು ಬೀಜಮಯ ಮಾಡಿಬಿಡಬಲ್ಲವು. ಅವನ ನಂತರ ರೈತನೇ ಹೊಲ ಸುತ್ತಿ, ಹೆಣ್ಣು ಗಿಡದಲ್ಲಿಯೇ ಅಪರೂಪಕ್ಕೆ ಮೂಡುವ ಗಂಡು ಹೂಗಳನ್ನು ಚಿವುಟುತ್ತಿದ್ದ. ಇಷ್ಟಾದರೂ ಅಲ್ಲಲ್ಲಿ ಒಂದಿಷ್ಟು ಬೀಜ ಕಟ್ಟಿಯೇ ಕಟ್ಟುತ್ತಿತ್ತು. ಮುಂದಿನ ವರ್ಷದ ಬಿತ್ತನೆಗೆ ಅದೇ ಆಧಾರ. ಫೆಬ್ರವರಿಯಿಂದ ಕಟಾವು. ಬಳಿಕ ಗೊಂಚಲುಗಳನ್ನು ಕಾಲಿನಿಂದ ತುಳಿದು ‘ಚಪ್ಪಟೆ ಗಾಂಜಾ’, ಉರುಳಿಸಿ ‘ದುಂಡು ಗಾಂಜಾ’. ಉದುರಿದ ಪುಡಿಯೇ ‘ಚೂರ್’. ಎಲ್ಲವೂ ಸರ್ಕಾರದ ಗೋದಾಮಿಗೆ, ಅಲ್ಲಿಂದ ತೆರಿಗೆ ತೆತ್ತು ಅಂಗಡಿಗೆ.

1917ರಲ್ಲಿ ಈ ರೈತರು ತಮ್ಮದೇ ಸಹಕಾರ ಸಂಘವನ್ನು ಕಟ್ಟಿಕೊಂಡರು. ದೇಶ ಒಡೆದು ಊರು ಪೂರ್ವ ಪಾಕಿಸ್ತಾನಕ್ಕೆ ಸೇರಿದರೂ, ಮುಂದೆ ಅದೇ ಬಾಂಗ್ಲಾದೇಶವಾದರೂ ಬೇಸಾಯ ನಡೆದಿತ್ತು. 1980ರ ದಶಕದ ಕೊನೆಯಲ್ಲಿ ನಿಷೇಧ ಬಂದು ಅದು ನಿಂತಿತು.

ಯಾರ್ಕಂದದ ದಾರಿ

ಬಂಗಾಳದ್ದು ಹೂಗೊಂಚಲಿನ ಕಥೆಯಾದರೆ, ರಾಳದ ಕಥೆ ಇರುವುದು ಹಿಮಾಲಯದಲ್ಲಿ ಮತ್ತು ಅದರ ಆಚೆಗೆ. ಕಲ್ಕತ್ತೆಯ ವೈದ್ಯಕೀಯ ಕಾಲೇಜಿನಲ್ಲಿ ಪ್ರಾಧ್ಯಾಪಕನಾಗಿದ್ದ ವಿಲಿಯಂ ಓಶಾನೆಸಿ 1839ರಲ್ಲಿ ಈ ಗಿಡವನ್ನು ಕುರಿತು ಒಂದು ಪ್ರಬಂಧ ಮಂಡಿಸಿದ. ಮಧ್ಯ ಭಾರತದಲ್ಲಿ ತೊಗಲಿನ ಉಡುಪು ತೊಟ್ಟ ಆಳುಗಳು ಹೊಲದ ನಡುವೆ ರಭಸದಿಂದ ಓಡುತ್ತಾರೆ, ತೊಗಲಿಗೆ ಅಂಟಿದ ರಾಳವನ್ನು ಕೆರೆದು ಉಂಡೆ ಕಟ್ಟುತ್ತಾರೆ ಎಂದು ಅದರಲ್ಲಿದೆ. ನೇಪಾಳದಲ್ಲಿ ತೊಗಲೂ ಇಲ್ಲ, ಬರಿಮೈಗೇ ರಾಳ ಮೆತ್ತಿಸಿಕೊಳ್ಳುತ್ತಾರೆಂದು ಆತ ಕೇಳಿದ್ದನಂತೆ. ಹಿಮಾಲಯದ ಕಣಿವೆಗಳಲ್ಲಿ ಹಸಿ ಗೊಂಚಲನ್ನು ಅಂಗೈಗಳ ನಡುವೆ ಉಜ್ಜಿ ರಾಳ ತೆಗೆಯುವುದು ಹಳೆಯ ರೂಢಿ.

ಮಧ್ಯ ಏಷ್ಯಾದ ಯಾರ್ಕಂದದಲ್ಲಿ ಕ್ರಮವೇ ಬೇರೆ. ಅದು ಒಣಹವೆಯ ನಾಡು. ಅಲ್ಲಿ ಗಿಡವನ್ನು ಒಣಗಿಸಿ, ಬಡಿದು, ಜರಡಿ ಹಿಡಿದು ರಾಳದ ಪುಡಿಯನ್ನು ತೊಗಲಿನ ಚೀಲಗಳಲ್ಲಿ ತುಂಬುತ್ತಿದ್ದರು. ಈ ಚೀಲಗಳು 18,000 ಅಡಿಗೂ ಎತ್ತರದ ಕಾರಾಕೊರಂ ಕಣಿವೆದಾರಿಯನ್ನು ದಾಟಿ, ಲೇಹ್ ಮೂಲಕ ಪಂಜಾಬಿಗೆ ಇಳಿಯುತ್ತಿದ್ದವು. ಕಾನೂನುಬದ್ಧ ವ್ಯಾಪಾರ ಅದು. ಸರ್ಕಾರಕ್ಕೆ ಸುಂಕ ಸಲ್ಲುತ್ತಿತ್ತು. 1930ರ ದಶಕದ ನಡುವಿನಲ್ಲಿ ಆ ಕಡೆಯ ಆಡಳಿತ ಬಿಗಿಯಾದ ಮೇಲೆ ದಾರಿ ಮುಚ್ಚಿತು.

ಉಜ್ಜುವ ನಾಡಿನಲ್ಲಿ ಕೈಗೆ ಚೆನ್ನಾಗಿ ಅಂಟುವ ಗಿಡಕ್ಕೆ ಬೆಲೆ. ಜರಡಿ ಹಿಡಿಯುವ ನಾಡಿನಲ್ಲಿ ಒಣಗಿದಾಗ ಸುಲಭವಾಗಿ ಉದುರುವ ರಾಳಕ್ಕೆ ಬೆಲೆ. ಹವೆ, ಕಸುಬು, ರೈತನ ಆಯ್ಕೆ ಈ ಮೂರೂ ಸೇರಿ ಒಂದೊಂದು ಸೀಮೆಗೆ ಒಂದೊಂದು ನಾಡತಳಿ ರೂಪುಗೊಂಡಿತು.

ಆಯೋಗ ಹೇಳಿದ್ದೇನು?

ಈಗ ನಮ್ಮ ಕ್ಯಾಂಟೀನಿನ ಗೆಳೆಯ ಹೇಳಿದ ಆಯೋಗಕ್ಕೆ ಬರೋಣ. 1893ರ ಮಾರ್ಚ್ ತಿಂಗಳಲ್ಲಿ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಎದ್ದಿತು: ಭಾರತದಲ್ಲಿ ಗಾಂಜಾದಿಂದ ಜನರ ನೀತಿ, ಆರೋಗ್ಯ ಕೆಡುತ್ತಿದೆಯೇ? ಅದೇ ವರ್ಷ ಏಳು ಮಂದಿಯ ಆಯೋಗ ನೇಮಕವಾಯಿತು. ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷ. ಸದಸ್ಯರಲ್ಲಿ ಮೂವರು ಭಾರತೀಯರು. ಆಯೋಗ 1,193 ಸಾಕ್ಷಿಗಳ ಹೇಳಿಕೆ ಪಡೆಯಿತು. 1894ರಲ್ಲಿ ಸಂಪುಟಗಟ್ಟಲೆ ವರದಿ ಬಂತು.

ಸಾರಾಂಶ ಇಷ್ಟು: ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಕೆಡುಕಿಲ್ಲ, ಅತಿಯಾದ ಬಳಕೆ ಕೆಡುಕೇ. ಪೂರ್ಣ ನಿಷೇಧ ಬೇಡ. ಪರವಾನಗಿ, ತೆರಿಗೆಗಳಿಂದ ಹತೋಟಿಯಲ್ಲಿಡಬೇಕು. ಭಾರತೀಯ ಸದಸ್ಯರಲ್ಲಿ ಇಬ್ಬರು, ತಾಹಿರ್‌ಪುರದ ರಾಜಾ ಶಶಿಶೇಖರೇಶ್ವರ ರಾಯ್ ಮತ್ತು ಮುಜಫ್ಫರ್‌ನಗರದ ಲಾಲಾ ನಿಹಾಲ್ ಚಂದ್, ಇದನ್ನು ಒಪ್ಪದೆ ಭಿನ್ನಮತ ಬರೆದರು. ತಾಹಿರ್‌ಪುರ ಇರುವುದು ರಾಜಶಾಹಿ ಜಿಲ್ಲೆಯಲ್ಲಿಯೇ, ಎಂದರೆ ಗಾಂಜಾ ಬೆಳೆಯುತ್ತಿದ್ದ ಸೀಮೆಯಲ್ಲಿಯೇ! ನಮ್ಮ ಗೆಳೆಯ ಈ ಭಿನ್ನಮತದ ಸುದ್ದಿ ಎತ್ತುವುದಿಲ್ಲ. ವರದಿಯನ್ನು ಆಧಾರವಾಗಿ ಹಿಡಿಯುವವರು ಅದನ್ನು ಕೊನೆಯವರೆಗೆ ಓದಬೇಕು.

ಆದರೆ ಎದುರು ಪಕ್ಷದವರಿಗೂ ಈ ವರದಿಯಲ್ಲಿ ಪಾಠವಿದೆ. ಗಾಂಜಾ ಸೇದಿದವರು ಹುಚ್ಚರಾಗುತ್ತಾರೆಂಬುದಕ್ಕೆ ಅಂದು ಹುಚ್ಚಾಸ್ಪತ್ರೆಗಳ ಅಂಕಿಸಂಖ್ಯೆಯನ್ನೇ ಆಧಾರವಾಗಿ ತೋರಿಸುತ್ತಿದ್ದರು. ಆಯೋಗ 1892ನೆಯ ವರ್ಷದ ದಾಖಲೆಗಳನ್ನು ಒಂದೊಂದಾಗಿ ಮರುಪರೀಕ್ಷೆ ಮಾಡಿತು. ರೋಗಿಯನ್ನು ಕರೆತಂದ ಪೊಲೀಸರು ನಮೂನೆಯಲ್ಲಿ ‘ಕಾರಣ’ ಎಂಬ ಕಲಂ ಖಾಲಿ ಬಿಡಬಾರದೆಂದು ‘ಗಾಂಜಾ’ ಎಂದು ಬರೆಯುತ್ತಿದ್ದರು. ಆಸ್ಪತ್ರೆಯ ಗುಮಾಸ್ತ ಅದನ್ನೇ ನಕಲು ಮಾಡುತ್ತಿದ್ದ. ವಿಚಾರಿಸಿ ನೋಡಿದಾಗ ಗಾಂಜಾದ ಲೆಕ್ಕಕ್ಕೆ ಹಾಕಿದ್ದ ಪ್ರಕರಣಗಳಲ್ಲಿ ಅರ್ಧಕ್ಕಿಂತ ಕಡಿಮೆ ಮಾತ್ರ ನಿಂತವು. ಅಂಕಿಸಂಖ್ಯೆಯನ್ನು ನಂಬುವ ಮುನ್ನ ಅದನ್ನು ತುಂಬಿದವರು ಯಾರೆಂದು ಕೇಳಬೇಕು ಎಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಕಲಿಸುವ ಉದಾಹರಣೆ ಸಿಗುವುದು ಕಷ್ಟ.

ಹೀಗೆ ಆಯೋಗ ಪ್ರಾಮಾಣಿಕವಾಗಿ ಕೆಲಸ ಮಾಡಿತೆಂದೇ ಇಟ್ಟುಕೊಳ್ಳೋಣ. ಆದರೂ ಅದರ ತೀರ್ಪು ಅಂದಿನ ಭಂಗಿ, ಅಂದಿನ ಗಾಂಜಾ, ಅಂದಿನ ಚರಸ್ಸಿಗೆ ಸಂಬಂಧಿಸಿದ್ದು. ಆ ಗಿಡದೊಳಗೆ ಅಮಲು ತರುವ ವಸ್ತು ಯಾವುದೆಂದು ಆಗ ಯಾರಿಗೂ ತಿಳಿದಿರಲಿಲ್ಲ. ತಿಳಿಯದ ವಸ್ತುವನ್ನು ಅಳೆಯುವ ಮಾತೇ ಇರಲಿಲ್ಲ.

ಪ್ರಯೋಗಶಾಲೆಯಲ್ಲಿ

ಆ ಹುಡುಕಾಟಕ್ಕೂ ಮೊದಲು ನೆರವಾದದ್ದು ಭಾರತದ ಚರಸ್ಸೇ. 1896ರಲ್ಲಿ ಕೇಂಬ್ರಿಜ್‌ನ ವುಡ್, ಸ್ಪೈವಿ, ಈಸ್ಟರ್‌ಫೀಲ್ಡ್ ಎಂಬ ರಸಾಯನಶಾಸ್ತ್ರಜ್ಞರು ಅದರಿಂದ ಬೇರ್ಪಡಿಸಿದ ಪದಾರ್ಥಕ್ಕೆ ‘ಕ್ಯಾನಬಿನಾಲ್’ ಎಂದು ಹೆಸರಿಟ್ಟರು. ಅದು ನಿಜವಾದ ಕಳ್ಳನಾಗಿರಲಿಲ್ಲ. ನಿಜವಾದ ವಸ್ತು ಸಿಕ್ಕಿದ್ದು 1964ರಲ್ಲಿ. ಇಸ್ರೇಲಿನ ರಫೇಲ್ ಮೆಶೂಲಮ್ ಮತ್ತು ಯಹಿಯೇಲ್ ಗಾವೋನಿ, ಪೊಲೀಸರು ವಶಪಡಿಸಿಕೊಂಡಿದ್ದ ಲೆಬನಾನಿನ ಹಶೀಶನ್ನು ಪಡೆದು, ಅದರಿಂದ ‘ಟೆಟ್ರಾಹೈಡ್ರೋಕ್ಯಾನಬಿನಾಲ್’ ಎಂಬ ವಸ್ತುವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಇದನ್ನೇ ಚಿಕ್ಕದಾಗಿ ಟಿ.ಎಚ್.ಸಿ. ಎನ್ನುತ್ತೇವೆ. ನಮ್ಮ ಮಿದುಳಿನಲ್ಲಿಯೇ ಅದೇ ಕದ ತಟ್ಟುವ ಒಂದು ವಸ್ತು ಸಹಜವಾಗಿ ಇದೆಯೆಂದು ಮೆಶೂಲಮ್ ತಂಡ 1992ರಲ್ಲಿ ಕಂಡುಹಿಡಿಯಿತು. ಅದಕ್ಕೆ ಅವರು ಇಟ್ಟ ಹೆಸರು ‘ಆನಂದಮೈಡ್’. ನಮ್ಮ ‘ಆನಂದ’ ಪದವೇ ಅಲ್ಲಿ ಕುಳಿತಿದೆ.

ಗಿಡದಲ್ಲಿ ಟಿ.ಎಚ್.ಸಿ.ಗೆ ಒಬ್ಬ ದಾಯಾದಿಯಿದ್ದಾನೆ: ಕ್ಯಾನಬಿಡಯಾಲ್, ಎಂದರೆ ಸಿ.ಬಿ.ಡಿ. ಇದು ಅಮಲು ತರುವುದಿಲ್ಲ. ಎರಡೂ ಹುಟ್ಟುವುದು ಗಿಡದೊಳಗಿನ ಒಂದೇ ಕಚ್ಚಾವಸ್ತುವಿನಿಂದ. 2003ರಲ್ಲಿ ಡಿ ಮೈಯರ್ ಮತ್ತು ಸಂಗಡಿಗರು ಟಿ.ಎಚ್.ಸಿ. ತಳಿಯನ್ನೂ ಸಿ.ಬಿ.ಡಿ. ತಳಿಯನ್ನೂ ಸಂಕರ ಮಾಡಿದರು. ಮೊದಲ ಪೀಳಿಗೆಯಲ್ಲಿ ಎರಡೂ ವಸ್ತುಗಳಿರುವ ಗಿಡಗಳು ಬಂದವು. ಎರಡನೆಯ ಪೀಳಿಗೆಯಲ್ಲಿ 1:2:1 ಪ್ರಮಾಣ ಕಾಣಿಸಿತು. ನಿಮ್ಮ ಜೀವಶಾಸ್ತ್ರದ ಪುಸ್ತಕದ ಮೆಂಡೆಲ್ ನೆನಪಾದನಲ್ಲವೇ? ವಂಶವಾಹಿಯ ಚಿತ್ರ ಅಷ್ಟು ಸರಳವಲ್ಲವೆಂದು ಮುಂದಿನ ಸಂಶೋಧನೆಗಳು ಹೇಳಿದರೂ, ಮೂಲ ತತ್ತ್ವ ಇದು. ಅಂಟನ್ನು ಮುಟ್ಟಿ, ವಾಸನೆ ನೋಡಿ, ಸೇದಿ ನೋಡಿ ಬೀಜ ಆರಿಸುತ್ತಿದ್ದ ರೈತ, ತನಗೆ ತಿಳಿಯದೆಯೇ ಈ ವಂಶವಾಹಿಯನ್ನು ಆರಿಸುತ್ತಿದ್ದ.

ಹೊಸ ಗಿಡ

ಅರವತ್ತು, ಎಪ್ಪತ್ತರ ದಶಕಗಳಲ್ಲಿ ಅಫ್ಘಾನಿಸ್ತಾನ, ಭಾರತ, ನೇಪಾಳಗಳಿಗೆ ಬಂದ ಪಶ್ಚಿಮದ ಯುವಜನರು ಹಿಂದಿರುಗುವಾಗ ಬೀಜಗಳನ್ನೂ ಒಯ್ದರು. ಕ್ಯಾಲಿಫೋರ್ನಿಯಾದಲ್ಲಿಯೂ ನೆದರ್‌ಲೆಂಡ್ಸಿನಲ್ಲಿಯೂ ಅಫ್ಘಾನಿಸ್ತಾನದ, ಮೆಕ್ಸಿಕೊದ, ಕೊಲಂಬಿಯಾದ ನಾಡತಳಿಗಳು ಒಂದರೊಡನೊಂದು ಬೆರೆತವು. ಎಂದೂ ಸಂಧಿಸದಿದ್ದ ವಂಶಗಳು ಒಂದೇ ಕೋಣೆಯಲ್ಲಿ, ವಿದ್ಯುದ್ದೀಪದ ಬೆಳಕಿನಲ್ಲಿ ಕೂಡಿದವು. ಗಂಡು ಗಿಡ ಕೀಳುವ ವಿದ್ಯೆಯೂ ಅಲ್ಲಿ ‘ಬೀಜವಿಲ್ಲದ್ದು’ ಎಂಬ ಅರ್ಥದ ಸ್ಪ್ಯಾನಿಷ್ ಹೆಸರಿನಲ್ಲಿ ಪ್ರಸಿದ್ಧವಾಯಿತು. ಆಯ್ಕೆಗೆ ಉಳಿದ ಗುರಿ ಒಂದೇ: ಟಿ.ಎಚ್.ಸಿ. ಹೆಚ್ಚಬೇಕು.

ಹೆಚ್ಚಿತು. ಅಮೆರಿಕದಲ್ಲಿ ವಶಪಡಿಸಿಕೊಂಡ ಮಾದರಿಗಳಲ್ಲಿ 1995ರಲ್ಲಿ ಸರಾಸರಿ ಶೇಕಡಾ 4ರಷ್ಟಿದ್ದ ಟಿ.ಎಚ್.ಸಿ. 2014ರ ಹೊತ್ತಿಗೆ ಶೇಕಡಾ 12ಕ್ಕೆ ಏರಿತ್ತು. ಕೇವಲ ಇಪ್ಪತ್ತು ವರ್ಷಗಳಲ್ಲಿ ಮೂರು ಪಟ್ಟು! ದಾಯಾದಿ ಸಿ.ಬಿ.ಡಿ. ಇಳಿಯುತ್ತ ಬಂದಿತ್ತು. 2019ರಲ್ಲಿ ಯೂರೋಪ್ ಮತ್ತು ಬ್ರೆಜಿಲ್‌ಗಳಲ್ಲಿ ನಡೆದ ಅಧ್ಯಯನವೊಂದು ಪ್ರಕಟವಾಯಿತು. ಶೇಕಡಾ 10 ಅಥವಾ ಹೆಚ್ಚು ಟಿ.ಎಚ್.ಸಿ. ಇರುವ ಸರಕನ್ನು ದಿನವೂ ಬಳಸುವವರಲ್ಲಿ ತೀವ್ರ ಮನೋವಿಕಾರ ಕಾಣಿಸಿಕೊಳ್ಳುವ ಸಂಭವ, ಎಂದೂ ಬಳಸದವರಿಗಿಂತ ಐದು ಪಟ್ಟಿಗೆ ಸಮೀಪವೆಂದು ಅದು ತಿಳಿಸಿತು. ಹರೆಯದಲ್ಲಿ ಮಿದುಳು ಇನ್ನೂ ಬೆಳೆಯುತ್ತಿರುವುದರಿಂದ ಅಪಾಯ ನಿಮ್ಮ ವಯಸ್ಸಿನವರಿಗೇ ಹೆಚ್ಚು.

ಹಿಂದೆಯೂ ಚರಸ್ ತೀಕ್ಷ್ಣವಾಗಿಯೇ ಇತ್ತು, ನಿಜ. ಆದರೆ ಬರಿಯ ಹೂಗೊಂಚಲಿನಲ್ಲಿಯೇ ಅಮಲಿನ ಅಂಶವನ್ನು ಇಷ್ಟು ವೇಗವಾಗಿ ಏರಿಸಿದ ಕಾಲ ಇದೇ ಮೊದಲು. 1894ರ ವರದಿಯನ್ನು ಇಂದಿನ ಪೊಟ್ಟಣಕ್ಕೆ ಅಂಟಿಸುವುದು, ಎತ್ತಿನ ಗಾಡಿಗೆ ಕೊಟ್ಟ ಪರವಾನಗಿಯನ್ನು ಲಾರಿಗೆ ಅಂಟಿಸಿದಂತೆ.

ಇನ್ನೊಂದು ನಷ್ಟವೂ ಇದೆ. ಮಿಶ್ರತಳಿಯ ಬೀಜಗಳು ಈಗ ಹಿಮಾಲಯದ ಕಣಿವೆಗಳಿಗೇ ಮರಳಿ ಬಂದಿವೆ. ಗಾಳಿಯಲ್ಲಿ ಪರಾಗ ಹಾರುವ ಗಿಡಕ್ಕೆ ಬೇಲಿ ಹಾಕುವುದೆಂತು? ಸಾವಿರ ವರ್ಷದ ನಾಡತಳಿ ಹೀಗೆ ಸದ್ದಿಲ್ಲದೆ ಕರಗುತ್ತದೆ. ಅದರ ಅಗತ್ಯವೇನೆಂದು ಕೇಳಬೇಡಿ. 1839ರಲ್ಲಿ ಓಶಾನೆಸಿ ಚಿಕಿತ್ಸೆ ಕೊಟ್ಟವರಲ್ಲಿ ಸೆಳವಿನಿಂದ ನರಳುತ್ತಿದ್ದ ಒಂದು ಹಸುಗೂಸೂ ಇತ್ತು. ಸುಮಾರು 180 ವರ್ಷಗಳ ಬಳಿಕ, 2018ರಲ್ಲಿ, ಮಕ್ಕಳ ಎರಡು ಬಗೆಯ ಕಠಿಣ ಅಪಸ್ಮಾರಕ್ಕೆ ಸಿ.ಬಿ.ಡಿ.ಯಿಂದ ತಯಾರಿಸಿದ ಔಷಧಿಗೆ ಅಮೆರಿಕ ಒಪ್ಪಿಗೆ ನೀಡಿತು. ಜಮ್ಮುವಿನ ಸಿ.ಎಸ್.ಐ.ಆರ್. ಸಂಸ್ಥೆಯಲ್ಲಿಯೂ ಪರವಾನಗಿ ಪಡೆದು ಸಂಶೋಧನೆ ನಡೆದಿದೆ. ನಾಳಿನ ಔಷಧಿಗೆ ಬೇಕಾದ ವಂಶವಾಹಿ ಯಾವ ಕಣಿವೆಯ ನಾಡತಳಿಯಲ್ಲಿ ಅಡಗಿದೆಯೋ ಬಲ್ಲವರಾರು?

ಕಾನೂನಿನ ತಕ್ಕಡಿ

1961ರ ಅಂತರರಾಷ್ಟ್ರೀಯ ಒಪ್ಪಂದವೂ ನಮ್ಮ 1985ರ ಮಾದಕ ವಸ್ತು ಕಾಯಿದೆಯೂ ಈ ಗಿಡವನ್ನು ಹೇಗೆ ವಿಂಗಡಿಸಿವೆ ನೋಡಿ. ಹೂಗೊಂಚಲು, ಎಂದರೆ ಗಾಂಜಾ, ನಿಷಿದ್ಧ. ಬೇರ್ಪಡಿಸಿದ ರಾಳ, ಎಂದರೆ ಚರಸ್, ನಿಷಿದ್ಧ. ಹೂಗೊಂಚಲಿನ ಜೊತೆಗಿಲ್ಲದ ಎಲೆ ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. 2022ರಲ್ಲಿ ಜಾಮೀನು ಅರ್ಜಿಯೊಂದರ ವಿಚಾರಣೆಯಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಭಂಗಿ ಈ ಕಾಯಿದೆಯ ವ್ಯಾಪ್ತಿಗೆ ಬರುವುದಿಲ್ಲವೆಂದು ಹೇಳಿತು. ಕಾಯಿದೆಯಡಿ ‘ಅಲ್ಪ ಪ್ರಮಾಣ’ ಎಂಬುದು ಗಾಂಜಾದಲ್ಲಿ 1 ಕಿಲೋ. ಚರಸ್ಸಿನಲ್ಲಿ 100 ಗ್ರಾಂ ಮಾತ್ರ. ‘ವಾಣಿಜ್ಯ ಪ್ರಮಾಣ’ ಗಾಂಜಾದಲ್ಲಿ 20 ಕಿಲೋ, ಚರಸ್ಸಿನಲ್ಲಿ 1 ಕಿಲೋ. ಅದನ್ನು ಮೀರಿದರೆ ಕನಿಷ್ಠ ಹತ್ತು ವರ್ಷ ಸೆರೆವಾಸ. ಅಲ್ಪ ಪ್ರಮಾಣವೆಂದರೆ ಕ್ಷಮೆಯಲ್ಲ, ಅದಕ್ಕೂ ಶಿಕ್ಷೆಯುಂಟು. ಆಧುನಿಕ ಕಾನೂನಿನ ತಕ್ಕಡಿಯಲ್ಲಿ ಕುಳಿತಿರುವುದು ಹಳೆಯ ಕಸುಬಿನವರ ಅದೇ ಮೂರು ಮೆಟ್ಟಿಲುಗಳು. ಇನ್ನೊಂದು ಕಡೆ, ಟಿ.ಎಚ್.ಸಿ. ಶೇಕಡಾ 0.3ರ ಮಿತಿಯೊಳಗಿರುವ ನಾರಿನ ತಳಿಗೆ ಉತ್ತರಾಖಂಡ 2018ರಿಂದ ಪರವಾನಗಿ ಕೊಡುತ್ತಿದೆ. ಗಿಡದ ಹೆಸರನ್ನಲ್ಲ, ತಳಿಯನ್ನು ನೋಡುವ ಕ್ರಮ ಇದು.

ಕ್ಯಾಂಟೀನಿನ ಗೆಳೆಯನಿಗೆ ಈಗ ಏನು ಹೇಳುತ್ತೀರಿ? ಅವನ ಚರಿತ್ರೆ ಸುಳ್ಳೆನ್ನಬೇಡಿ. ‘ಅದು’ ಎಂದೆಯಲ್ಲ, ಯಾವುದು ಎಂದು ಕೇಳಿ. ಎಲೆಯೋ, ಹೂಗೊಂಚಲೋ, ರಾಳವೋ? ಯಾವ ಕಾಲದ್ದು, ಯಾವ ತಳಿ, ಬೀಜ ಆರಿಸಿದವರು ಯಾರು, ಏನನ್ನು ಬಯಸಿ ಆರಿಸಿದರು? ಸಂತೆಯ ರಾಗಿ, ಅಂಗಡಿಯ ಟೊಮ್ಯಾಟೊ, ನಿಮ್ಮ ಮನೆಯ ಹಸು ಇವುಗಳಿಗೂ ಇದೇ ಪ್ರಶ್ನೆ ಸಲ್ಲುತ್ತದೆ. ಮನುಷ್ಯನ ಕೈ ಮುಟ್ಟಿದ ಯಾವ ಜೀವವೂ ನೂರು ವರ್ಷ ಒಂದೇ ಆಗಿ ಉಳಿಯುವುದಿಲ್ಲ. ಹೆಸರು ಮಾತ್ರ ಉಳಿಯುತ್ತದೆ. ಗಂಡು ಗಿಡವನ್ನು ಗುರುತಿಸಿ ಮುರಿಯುತ್ತ ಸಾಲಿನಲ್ಲಿ ನಡೆದ ನೌಗಾಂವಿನ ಪರಖ್‌ದಾರ ಎರಡು ಗಿಡಗಳು ನೋಡಲು ಒಂದೇ ಥರ ಇದ್ದರೂ ಒಂದೇ ಅಲ್ಲವೆಂದು ಬಲ್ಲವನಾಗಿದ್ದ. ಆ ಕಣ್ಣು ನಿಮಗೂ ಬರಲಿ.